ಇಳಿಯುವ ಮೊದಲು ಹತ್ತುವ ದಡ ನೋಡಿ: ಉತ್ತರ ಕೆನಡಾದ ದೋಣಿಯಾನಕ್ಕೆ ಯಾವ ನದಿ?

ಉತ್ತರ ಕೆನಡಾದ ನದಿಯೊಂದರಲ್ಲಿ ಎರಡು ಮೂರು ವಾರ ದೋಣಿ ನಡೆಸಬೇಕೆಂದು ಆಸೆಪಟ್ಟವರು ಮೊದಲು ಚಿತ್ರಗಳನ್ನು ನೋಡುತ್ತಾರೆ. ಆಮೇಲೆ ಬಂಡೆಗಳ ನಡುವೆ ನೀರು ರಭಸದಿಂದ ಹರಿಯುವ ತಾಣಗಳ, ಅಂದರೆ ರ‍್ಯಾಪಿಡ್‌ಗಳ ದರ್ಜೆ ಹುಡುಕುತ್ತಾರೆ. ವಿಮಾನದ ಬಾಡಿಗೆ ವಿಚಾರಿಸಿ ಬೆಚ್ಚಿ ಕೂರುವುದು ಮೂರನೆಯ ಘಟ್ಟ. ನಾನೂ ಹೀಗೆಯೇ ಶುರು ಮಾಡಿದವನು. ಈ ಕ್ರಮ ಪೂರ್ತಿ ತಲೆಕೆಳಗು ಎಂಬುದು ಯೂಕಾನ್ ನದಿಯ ದಾರಿಯಲ್ಲಿರುವ ಲೆಬಾರ್ಜ್ ಸರೋವರದ ಕಲ್ಲುದಡದಲ್ಲಿ ಗಾಳಿಗೆ ಸಿಕ್ಕಿ ಎರಡು ದಿನ ಕುಳಿತಾಗ ತಿಳಿಯಿತು. ಹಾಗೆ ಕುಳಿತವನಿಗೆ ಮುಂದಿನ ರ‍್ಯಾಪಿಡ್ ಎರಡನೇ ದರ್ಜೆಯದೋ ಮೂರನೆಯದೋ ಎಂಬ ಚಿಂತೆ ಇರುವುದಿಲ್ಲ. ಚೀಲದಲ್ಲಿ ಇನ್ನೆಷ್ಟು ದಿನದ ಊಟವಿದೆ, ಇಲ್ಲಿಂದ ಹೊರಬೀಳುವ ಮುಂದಿನ ದಾರಿ ಎಷ್ಟು ದೂರ, ಇವೆರಡೇ ತಲೆಯಲ್ಲಿ ಸುತ್ತುತ್ತವೆ.

ಆದ್ದರಿಂದ ಇಲ್ಲಿ ಪ್ರತಿ ನದಿಗೂ ಎರಡೇ ಪ್ರಶ್ನೆ ಕೇಳುತ್ತೇನೆ. ಆ ನದಿಯಿಂದ ಹೊರಗೆ ಬರುವುದು ಹೇಗೆ? ನಡುವೆ ನಮ್ಮನ್ನು ತಡೆದು ನಿಲ್ಲಿಸುವುದು ಯಾವುದು: ಗಾಳಿಯೋ, ಬಂಡೆಯೋ, ಹೆಗಲ ಮೇಲಿನ ಹೊರೆಯೋ? ಸೌಂದರ್ಯದ ಮಾತು ಬೇಕಾದರೆ ಐದಕ್ಕೆ ಐದೂ ನದಿಗಳು ಸುಂದರವೇ. ಅದರಿಂದ ಆಯ್ಕೆ ಸುಲಭವಾಗುವುದಿಲ್ಲ.

ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಇಲ್ಲಿ ದೋಣಿ ಎಂದರೆ ಕನೂ: ಎರಡೂ ತುದಿ ಚೂಪಾದ, ಮೇಲ್ಭಾಗ ತೆರೆದ, ಒಂದೇ ಅಲಗಿನ ಹುಟ್ಟಿನಿಂದ ಇಬ್ಬರು ನಡೆಸುವ ದೋಣಿ. ಗಾಳಿ ತುಂಬಿದ ರಾಫ್ಟ್ ಅಲ್ಲ. ರಾಫ್ಟ್ ಮಗುಚಿದರೆ ಕಥೆ, ಸಾಮಾನು ತುಂಬಿದ ಕನೂ ಮಗುಚಿದರೆ ಪ್ರಯಾಣವೇ ಮುಗಿದಂತೆ.

ಯೂಕಾನ್: ಮೊದಲ ಸಲ ಹೋಗುವವರಿಗೆ

ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಯವರೆಗೆ ನದಿಯ ದಾರಿ ಸುಮಾರು 715 ಕಿ.ಮೀ. ಅಂಕಿ ನೋಡಿ ಹೆದರಬೇಕಾಗಿಲ್ಲ. ಇಲ್ಲಿ ಸೆಳವೇ ಅರ್ಧ ಕೆಲಸ ಮಾಡುತ್ತದೆ; ಹುಟ್ಟು ಮಡಿಲಲ್ಲಿ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದರೂ ದಡದ ಮರಗಳು ಹಿಂದೆ ಸರಿಯುತ್ತಿರುತ್ತವೆ. ಎರಡು ವಾರ ಇಟ್ಟುಕೊಂಡರೆ ಆರಾಮವಾಗಿ ಮುಗಿಯುತ್ತದೆ. ಇದೇ ದೂರವನ್ನು ಹಗಲು ರಾತ್ರಿ ಎನ್ನದೆ ಕೆಲವೇ ದಿನಗಳಲ್ಲಿ ಮುಗಿಸುವ ಪಂದ್ಯವೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ಅದನ್ನು ನೋಡಿ ಸ್ಫೂರ್ತಿ ಪಡೆಯಬೇಡಿ.

ಹೊರಬರುವ ಪ್ರಶ್ನೆಗೆ ಯೂಕಾನ್ ಕೊಡುವಷ್ಟು ಒಳ್ಳೆಯ ಉತ್ತರವನ್ನು ಬೇರೆ ಯಾವ ನದಿಯೂ ಕೊಡುವುದಿಲ್ಲ. ಆರಂಭದಲ್ಲಿ ಹೆದ್ದಾರಿ, ಕೊನೆಯಲ್ಲಿ ಹೆದ್ದಾರಿ, ನಡುವೆ ಕಾರ್‌ಮ್ಯಾಕ್ಸ್ ಎಂಬ ಊರಿನಲ್ಲಿ ಮತ್ತೆ ಹೆದ್ದಾರಿ. ಮೊದಲ ವಾರದಲ್ಲೇ ಬೆನ್ನು ಕೈಕೊಟ್ಟರೆ ಕಾರ್‌ಮ್ಯಾಕ್ಸ್‌ನಲ್ಲಿ ದೋಣಿ ಎತ್ತಿ ಮನೆಗೆ ಹೋಗಬಹುದು. ಬಾಡಿಗೆಯ ದೋಣಿಯನ್ನು ವೈಟ್‌ಹಾರ್ಸ್‌ನಲ್ಲಿ ಪಡೆದು ಡಾಸನ್‌ನಲ್ಲಿ ಬಿಡುವ ವ್ಯವಸ್ಥೆ ಇದೆ, ವಿಮಾನದ ಗೊಡವೆ ಇಲ್ಲ.

ತಡೆಯುವುದು ಯಾವುದು ಎಂದರೆ ಲೆಬಾರ್ಜ್. ವೈಟ್‌ಹಾರ್ಸ್ ಬಿಟ್ಟ ಒಂದೆರಡು ದಿನಗಳಲ್ಲೇ ಎದುರಾಗುವ ಈ ಸರೋವರದ ಉದ್ದ ಸುಮಾರು 50 ಕಿ.ಮೀ. ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಗಾಳಿ ಎದ್ದರೆ ಅಲೆಗಳು ಗಂಟೆಯೊಳಗೆ ದೋಣಿಯ ಅಂಚಿನಷ್ಟು ಎತ್ತರಕ್ಕೆ ಏಳುತ್ತವೆ. ದಡದ ಹತ್ತಿರವೇ ಹೋಗಬೇಕು, ಕೊಲ್ಲಿಯ ಬಾಯಿಗೆ ಅಡ್ಡಹಾಯುವ ಆಸೆ ಬಿಡಬೇಕು, ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ಡೇರೆ ಹಾಕಿಬಿಡಬೇಕು. ಸರೋವರವೇ ಬೇಡ ಎನ್ನುವವರು ಜಾನ್ಸನ್ಸ್ ಕ್ರಾಸಿಂಗ್‌ನಿಂದ ಟೆಸ್ಲಿನ್ ನದಿಗೆ ಇಳಿದು ಹೂಟಲಿಂಕ್ವಾದಲ್ಲಿ ಯೂಕಾನ್ ಸೇರಬಹುದು. ಆದರೆ ಹಾಗೆ ಮಾಡಿದರೆ ಲೆಬಾರ್ಜ್‌ನ ಕೆಳಗಿನ ‘ಥರ್ಟಿ ಮೈಲ್’ ಎಂಬ ತುಣುಕು ತಪ್ಪಿಹೋಗುತ್ತದೆ. ಹಸಿರು ಗಾಜಿನಂತೆ ತಿಳಿಯಾದ ನೀರು, ಕಡಿದಾದ ದಡ, ವೇಗದ ಹರಿವು: ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ. ಎರಡು ದಿನ ಗಾಳಿಗೆ ಕೊಟ್ಟದ್ದರ ಬೇಸರವೂ ಅಲ್ಲಿಯೇ ಕಳೆಯಿತು.

ರ‍್ಯಾಪಿಡ್ ಎಂದು ಹೆಸರಿಸುವಂಥದ್ದು ಕಾರ್‌ಮ್ಯಾಕ್ಸ್‌ನ ಕೆಳಗಿನ ಫೈವ್ ಫಿಂಗರ್. ನಾಲ್ಕು ಬಂಡೆಗಳು ನದಿಯನ್ನು ಐದು ಸೀಳಾಗಿ ಒಡೆಯುತ್ತವೆ. ಬಲದಂಡೆಯ ಸೀಳಿನಲ್ಲಿ ಹೋಗಬೇಕು ಎಂಬ ಒಂದೇ ನಿಯಮ ಹಬೆ ಹಡಗುಗಳ ಕಾಲದಿಂದಲೂ ನಡೆದುಬಂದಿದೆ. ನಾಲ್ಕೈದು ಅಲೆಗಳ ಕುಣಿತ, ಅಷ್ಟರಲ್ಲಿ ಮುಗಿಯುತ್ತದೆ. ಅದಕ್ಕಿಂತ ನೆನಪಿನಲ್ಲಿ ಉಳಿಯುವುದು ವೈಟ್ ನದಿ ಕೂಡಿದ ಮೇಲಿನ ಸದ್ದು. ಹಿಮನದಿಗಳಿಂದ ಬರುವ ಸಣ್ಣ ರೇವೆ ದೋಣಿಯ ತಳಕ್ಕೆ ಉಜ್ಜಿ, ಕಾದ ಬಾಣಲೆಗೆ ನೀರು ಚಿಮುಕಿಸಿದಂತೆ ಸದಾ ಚುಸ್ ಎನ್ನುತ್ತಿರುತ್ತದೆ. ಅಲ್ಲಿಂದ ಮುಂದೆ ಕುಡಿಯುವ ನೀರನ್ನು ಪಕ್ಕದ ತೊರೆಗಳಿಂದಲೇ ಹಿಡಿದುಕೊಳ್ಳಬೇಕು; ನದಿಯ ನೀರು ಫಿಲ್ಟರನ್ನು ಅರ್ಧ ದಿನದಲ್ಲಿ ಕಟ್ಟಿಹಾಕುತ್ತದೆ.

ದಡದುದ್ದಕ್ಕೂ ಚಿನ್ನದ ಭರಾಟೆಯ ಅವಶೇಷಗಳಿವೆ. 1896ರಲ್ಲಿ ಡಾಸನ್ ಬಳಿಯ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. 1898ರ ವಸಂತದಲ್ಲಿ ಹಿಮ ಒಡೆದಾಗ ಮೇಲಿನ ಸರೋವರಗಳಿಂದ ಏಳು ಸಾವಿರಕ್ಕೂ ಹೆಚ್ಚು ದೋಣಿಗಳು ಒಮ್ಮೆಗೆ ಡಾಸನ್ ಕಡೆಗೆ ಹೊರಟವು, ಬಹುಪಾಲು ದೋಣಿಗಳನ್ನು ಹಿಂದೆಂದೂ ಮರ ಕೊಯ್ಯದವರು ಹಸಿ ಹಲಗೆಯಿಂದ ಮಾಡಿದ್ದರು. ಪೆಲ್ಲಿ ನದಿ ಕೂಡುವಲ್ಲಿರುವ ಫೋರ್ಟ್ ಸೆಲ್ಕರ್ಕ್‌ಗೆ ಇಂದಿಗೂ ರಸ್ತೆ ಇಲ್ಲ. ಅಲ್ಲಿ ಒಂದು ರಾತ್ರಿ ಉಳಿಯದೆ ಮುಂದೆ ಹೋಗಬೇಡಿ. ಯೂಕಾನ್‌ನ ಕೊರತೆ ಎಂದರೆ ಏಕಾಂತ. ಜುಲೈನಲ್ಲಿ ದಿನಕ್ಕೆ ಒಂದಾದರೂ ಬೇರೆ ದೋಣಿ ಕಾಣುತ್ತದೆ. ನನಗೆ ಅದು ಕೊರತೆ ಅನ್ನಿಸಲಿಲ್ಲ.

ಮಿಸಿನೈಬಿ: ಕೊನೆಗೆ ರೈಲು ಸಿಗುವ ನದಿ

ಒಂಟಾರಿಯೋದ ಮಿಸಿನೈಬಿ ಸುಮಾರು 500 ಕಿ.ಮೀ. ಹರಿದು ಜೇಮ್ಸ್ ಕೊಲ್ಲಿಯ ಕಡೆಗೆ ಹೋಗುತ್ತದೆ. ಇದಕ್ಕೆ ಅಣೆಕಟ್ಟಿಲ್ಲ. ಅರ್ಧ ದಾರಿಯಲ್ಲಿ ಮ್ಯಾಟಿಸ್ ಎಂಬಲ್ಲಿ ಹೆದ್ದಾರಿ ದಾಟುತ್ತದೆ, ಹಾಗಾಗಿ ಇದು ಒಂದರಲ್ಲಿ ಎರಡು ಪ್ರಯಾಣ. ಮೇಲಿನ ಅರ್ಧ ಕಾಡು, ಕಲ್ಲು, ರ‍್ಯಾಪಿಡ್, ಮತ್ತೆ ಮತ್ತೆ ದೋಣಿ ಹೊರುವುದು. ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯುವ ಈ ದಾರಿಗೆ ಪೋರ್ಟೇಜ್ ಎನ್ನುತ್ತಾರೆ. ಇಬ್ಬರು ಎಲ್ಲವನ್ನೂ ಒಂದೇ ಸಲ ಹೊರಲಾರರು. ಎರಡು ಸಲ ಹೊತ್ತರೆ ನಡುವೆ ಬರಿಗೈಯಲ್ಲಿ ಒಮ್ಮೆ ವಾಪಸು ಬರಬೇಕು, ಅಂದರೆ ಒಂದು ಕಿಲೋಮೀಟರಿನ ಪೋರ್ಟೇಜ್ ನಿಜವಾಗಿ ಮೂರು ಕಿಲೋಮೀಟರ್. ನಕ್ಷೆ ಓದುವಾಗ ಈ ಲೆಕ್ಕ ಬಹಳ ಮಂದಿಗೆ ಹೊಳೆಯುವುದಿಲ್ಲ.

ಮ್ಯಾಟಿಸ್‌ನ ಕೆಳಗೆ ಥಂಡರ್‌ಹೌಸ್ ಜಲಪಾತವಿದೆ. ಇಲ್ಲಿ ಜನ ಸತ್ತಿದ್ದಾರೆ, ಅದೂ ಜಲಪಾತವನ್ನು ಇಳಿಯಲು ಹೋಗಿ ಅಲ್ಲ, ಪೋರ್ಟೇಜ್ ಶುರುವಾಗುವ ದಡವನ್ನು ತಪ್ಪಿಸಿಕೊಂಡು. ಹಳೆಯ ನಕ್ಷೆಯನ್ನೋ ಬೇರೆಯವರ ಜಿಪಿಎಸ್ ಗುರುತನ್ನೋ ನಂಬಿಕೊಂಡು ಹೋಗುವ ನದಿ ಇದಲ್ಲ. ನೀರಿನ ಸದ್ದು ಕೇಳಿದ ಕೂಡಲೇ ದಡ ಹಿಡಿದು, ನಡೆದು ಹೋಗಿ ನೋಡಿಬರುವ ತಾಳ್ಮೆ ಇಲ್ಲದಿದ್ದರೆ ಮ್ಯಾಟಿಸ್‌ನಲ್ಲೇ ಮುಗಿಸಿ.

ಕೆಳಗೆ ನದಿ ಅಗಲವಾಗಿ, ಆಳ ಕಡಿಮೆಯಾಗಿ, ಮೂಸ್ ನದಿಯಾಗಿ ಮೂಸೋನಿ ತಲುಪುತ್ತದೆ. ಒಣ ಬೇಸಿಗೆಯಲ್ಲಿ ಕಲ್ಲುಗಳ ಮೇಲೆ ದೋಣಿ ಎಳೆಯುತ್ತ ನಡೆಯಬೇಕಾಗುತ್ತದೆ. ಮೂಸೋನಿಗೆ ರಸ್ತೆ ಇಲ್ಲ, ಆದರೆ ಕಾಕ್ರೇನ್‌ಗೆ ರೈಲಿದೆ, ಅದು ದೋಣಿಯನ್ನೂ ಹೊತ್ತೊಯ್ಯುತ್ತದೆ. ಮೂರು ವಾರ ಮೈಗೆ ಒಲೆಯ ಹೊಗೆ, ಮಣ್ಣು ಮೆತ್ತಿಕೊಂಡು ಕಿಟಕಿಯ ಪಕ್ಕ ಕುಳಿತು, ಕೆಲವೇ ಗಂಟೆಗಳಲ್ಲಿ ದಕ್ಷಿಣಕ್ಕೆ ವಾಪಸು ಹೋಗುವುದು ಒಂದು ವಿಚಿತ್ರ ಸುಖ. ಕೊನೆಯ ದಿನ ಸಮುದ್ರದ ಉಬ್ಬರ ಇಳಿತದ ವೇಳೆ ನೋಡಿಕೊಳ್ಳಿ. ಇಳಿತದಲ್ಲಿ ಸಿಕ್ಕಿಕೊಂಡರೆ ಕೆಸರೇ ಗತಿ.

ಚರ್ಚಿಲ್: ಸರೋವರಗಳ ಸರ

ಸಸ್ಕಾಚೆವಾನ್‌ನ ಚರ್ಚಿಲ್ ನದಿಯನ್ನು ನದಿ ಎನ್ನುವುದಕ್ಕಿಂತ ಸರೋವರಗಳನ್ನು ಪೋಣಿಸಿದ ದಾರ ಎನ್ನಬಹುದು. ಒಂದು ಸರೋವರ ಮುಗಿಯುವಲ್ಲಿ ನೀರು ಬಂಡೆಯ ಮೇಲಿಂದ ಜಾರಿ ಮುಂದಿನ ಸರೋವರಕ್ಕೆ ಬೀಳುತ್ತದೆ. ಅಲ್ಲಿ ದೋಣಿ ಎತ್ತಿ, ನೂರಿನ್ನೂರು ಮೀಟರ್ ನಡೆದು, ಮತ್ತೆ ಇಳಿಯುವುದು. ಎಷ್ಟು ಜಲಪಾತ, ಎಷ್ಟು ರ‍್ಯಾಪಿಡ್ ಎಂಬುದಕ್ಕಿಂತ ಇಲ್ಲಿ ದಿಕ್ಕು ತಿಳಿಯುವುದು ಮುಖ್ಯ. ದ್ವೀಪಗಳ ನಡುವೆ ಎಲ್ಲ ಕೊಲ್ಲಿಗಳೂ ಒಂದೇ ತರಹ ಕಾಣುತ್ತವೆ. 1:50,000 ಅಳತೆಯ ನಕ್ಷೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಪ್ರತಿ ದ್ವೀಪಕ್ಕೂ ಬೆರಳಿಟ್ಟು ಹೋಗುವ ಅಭ್ಯಾಸ ಇರುವವರಿಗೆ ಇದು ಹಬ್ಬ.

ತುಪ್ಪಳದ ವ್ಯಾಪಾರಿಗಳ ಹೆದ್ದಾರಿ ಇದೇ ಆಗಿತ್ತು. 1778ರಲ್ಲಿ ಪೀಟರ್ ಪಾಂಡ್ ದಾಟಿದ ಮೆಥೈ ಪೋರ್ಟೇಜ್‌ನ ಉದ್ದ 19 ಕಿ.ಮೀ.; ಅದರ ಈಚೆಗಿನ ನೀರು ಹಡ್ಸನ್ ಕೊಲ್ಲಿಗೆ, ಆಚೆಗಿನದು ಆರ್ಕ್‌ಟಿಕ್ ಸಾಗರಕ್ಕೆ. ಅಷ್ಟು ದೂರ ಹೊರುವ ಹುಮ್ಮಸ್ಸು ನನಗಿಲ್ಲ. ಇಲ್-ಅ-ಲಾ-ಕ್ರಾಸ್‌ನಿಂದ ಕೆಳಗೆ ಮಿಸಿನಿಪಿಯವರೆಗೆ, ಇಲ್ಲವೇ ಇನ್ನೂ ಮುಂದೆ ಸ್ಟಾನ್ಲಿ ಮಿಷನ್‌ವರೆಗೆ ಹೋದರೆ ಸಾಕಷ್ಟಾಯಿತು. ಸ್ಟಾನ್ಲಿ ಮಿಷನ್‌ನಲ್ಲಿ ನದಿಯಂಚಿಗೆ 1850ರ ದಶಕದಲ್ಲಿ ಕಟ್ಟಲು ಶುರುಮಾಡಿದ ಚರ್ಚ್ ಇದೆ, ಇಡೀ ಪ್ರಾಂತ್ಯದಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ. ದಿನಗಟ್ಟಲೆ ಕಾಡನ್ನೇ ಕಂಡ ಕಣ್ಣಿಗೆ ಅದರ ಗೋಪುರ ನೀರಿನ ಮೇಲೆ ಏಳುವುದು ಮರೆಯಲಾಗದ ನೋಟ.

ಆರಂಭಕ್ಕೂ ಕೊನೆಗೂ ರಸ್ತೆ ಸಿಗುವುದರಿಂದ ಖರ್ಚು ಕಡಿಮೆ. ತಡೆಯುವುದು ಗಾಳಿ. ಮಳೆ, ಬಂಡೆಗಳಿಗೆ ದಾರಿ ಹುಡುಕಬಹುದು. ಎದುರುಗಾಳಿ ಎದ್ದರೆ ಅದು ತಗ್ಗುವವರೆಗೆ ಕಾಯುವುದೊಂದೇ ದಾರಿ.

ಸೌತ್ ನಹಾನಿ: ದುಬಾರಿ, ಆದರೆ ಒಂದೇ ಕಡೆ ವಿಮಾನ

ನಹಾನಿಯ ಹೆಸರು ಕೇಳದವರು ಕಡಿಮೆ. 1978ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಮೊಟ್ಟಮೊದಲ ಪಟ್ಟಿ ಹೊರಡಿಸಿದಾಗಲೇ ಅದರಲ್ಲಿ ಈ ನದಿ ಹರಿಯುವ ನಹಾನಿ ರಾಷ್ಟ್ರೀಯ ಉದ್ಯಾನವಿತ್ತು. ಡೆನೆ ಜನರ ನೆಲ ಇದು. ಅವರು ನೈಲಿಚೊ ಎನ್ನುವ ವರ್ಜಿನಿಯಾ ಜಲಪಾತ 90 ಮೀಟರಿಗೂ ಹೆಚ್ಚು ಎತ್ತರದಿಂದ ಬೀಳುತ್ತದೆ, ನಯಾಗರಾದ ಹೆಚ್ಚುಕಡಿಮೆ ಎರಡರಷ್ಟು.

ನದಿಯ ತಲೆಗೆ ರಸ್ತೆಯಿಲ್ಲ. ಫೋರ್ಟ್ ಸಿಂಪ್ಸನ್‌ನಂಥ ಕಡೆಯಿಂದ ತೇಲುವ ವಿಮಾನದಲ್ಲಿ ಹೋಗಿ ಇಳಿಯಬೇಕು, ಬೆಟ್ಟಗಳ ಮೇಲೆ ಮೋಡ ಕವಿದರೆ ವಿಮಾನ ಏಳುವುದಿಲ್ಲ. ಇಳಿಯುವ ಜಾಗದ ಆಯ್ಕೆಯೇ ಪ್ರಯಾಣದ ಆಯ್ಕೆ. ತೀರ ಮೇಲೆ, ಮೂಸ್ ಪಾಂಡ್ಸ್‌ನಿಂದ ಹೊರಟರೆ ಮೊದಲ ಕೆಲವು ದಿನ ಬಿಡುವಿಲ್ಲದ ಬಂಡೆಗಳ ನೀರು, ಅನುಭವಿಗಳಿಗೆ ಮಾತ್ರ. ರ‍್ಯಾಬಿಟ್‌ಕೆಟಲ್ ಸರೋವರದಲ್ಲಿ ಇಳಿದರೆ ಜಲಪಾತದವರೆಗೂ ಶಾಂತ ಹರಿವು, ಕೈಗೆ ಹುಟ್ಟು ಹೊಂದಿಕೊಳ್ಳಲು ಸಮಯ ಸಿಗುತ್ತದೆ. ನೇರ ಜಲಪಾತದ ತಲೆಗೇ ಇಳಿದರೆ ಒಂದು ವಾರದೊಳಗೆ ಮುಗಿಸಬಹುದು, ಆದರೆ ಮೊದಲ ದಿನವೇ ಕಮರಿಯ ಅಲೆಗಳು ಎದುರಾಗುತ್ತವೆ. ನನ್ನ ಆಯ್ಕೆ ನಡುವಿನದು. ಮೂರು ದಿನದ ರಜೆ ಉಳಿಸಲು ಹೋಗಿ ಅಭ್ಯಾಸದ ನೀರನ್ನು ಬಿಟ್ಟುಕೊಡುವುದು ಲೆಕ್ಕ ತಪ್ಪಿದ ಉಳಿತಾಯ.

ಜಲಪಾತವನ್ನು ಸುತ್ತಿಹೋಗುವ ಪೋರ್ಟೇಜ್ ಒಂದು ಕಿಲೋಮೀಟರಿಗಿಂತ ಹೆಚ್ಚು, ಕೊನೆಯ ಇಳಿಜಾರು ಕಡಿದು. ಕೆಳಗಿಳಿದ ಕೂಡಲೇ ನಾಲ್ಕನೆಯ ಕಮರಿ. ಎಣಿಕೆ ತಿರುಗಾಮುರುಗಾ ಇದೆಯಲ್ಲ ಅನ್ನಿಸಬಹುದು. ಹಿಂದೆ ಬಂದವರು ನದಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಎಣಿಸಿದರು, ಆದ್ದರಿಂದ ನಮಗೆ ನಾಲ್ಕು, ಮೂರು, ಎರಡು, ಒಂದು ಎಂದು ಸಿಗುತ್ತವೆ. ಫಿಗರ್ ಆಫ್ ಎಯ್ಟ್ ಎಂಬ ತಿರುವಿನಲ್ಲಿ ನೀರು ಬಂಡೆಗೆ ಬಡಿದು ಎರಡೂ ಕಡೆ ಸುಳಿಯುತ್ತದೆ. ಧೈರ್ಯ ಸಾಲದಿದ್ದರೆ ದೋಣಿ ಹೊತ್ತು ದಾಟಬಹುದು, ನಾಚಿಕೆಪಡುವಂಥದ್ದೇನೂ ಇಲ್ಲ. ಕೊನೆಯ ಕಮರಿಯಾಚೆ ಬಿಸಿನೀರಿನ ಬುಗ್ಗೆ ಕಾದಿರುತ್ತದೆ.

ಹೊರಬರುವುದಕ್ಕೆ ವಿಮಾನ ಬೇಡ, ನಹಾನಿಯ ಗುಣ ಇದೇ. ನದಿ ಲಿಯಾರ್ಡ್‌ಗೆ ಕೂಡುವಲ್ಲಿ ನಹಾನಿ ಬ್ಯೂಟ್ ಎಂಬ ಹಳ್ಳಿ, ಲಿಯಾರ್ಡ್‌ನಲ್ಲಿ ಇನ್ನೂ ಕೆಳಗೆ ಹೋದರೆ ಹೆದ್ದಾರಿಗೆ ಹತ್ತಿಕೊಂಡ ಬ್ಲ್ಯಾಕ್‌ಸ್ಟೋನ್. ಉದ್ಯಾನದ ಪರವಾನಗಿ, ಹೆಸರು ನೋಂದಣಿ ಕಡ್ಡಾಯ, ಜಲಪಾತದ ಶಿಬಿರಕ್ಕೆ ಮುಂಗಡ ಕಾದಿರಿಸಬೇಕು. ಕೆಲವರಿಗೆ ಇದು ಕಿರಿಕಿರಿ. ತಡವಾದರೆ ಹುಡುಕಿಕೊಂಡು ಬರುವವರಿದ್ದಾರೆ ಎಂಬುದು ಅದರ ಇನ್ನೊಂದು ಮುಖ.

ಥೆಲಾನ್: ಮರಗಳು ಮುಗಿದ ಮೇಲೆ

ನಾನು ಥೆಲಾನ್ ಹೆಸರು ಹೇಳಿದಾಗೆಲ್ಲ ಎದುರಿನವರ ಕಣ್ಣು ಅರಳುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಮರಗಳ ಗಡಿ ದಾಟಿದ ಬಯಲಿನಲ್ಲಿ, ಆರ್ಕ್‌ಟಿಕ್ ವೃತ್ತದ ಕೆಳಗೆ, ಸುಮಾರು 900 ಕಿ.ಮೀ. ಹರಿದು ಬೇಕರ್ ಲೇಕ್ ಸೇರುವ ನದಿ ಇದು. 1927ರಲ್ಲಿ ಸ್ಥಾಪಿಸಿದ ವನ್ಯಜೀವಿಧಾಮದ ನಡುವೆ ಹಾದುಹೋಗುತ್ತದೆ. ಉದ್ದಗೂದಲು ನೆಲ ಗುಡಿಸುವ ಮಸ್ಕ್ ಆಕ್ಸ್ ಪ್ರಾಣಿಗಳು, ಬೆಟ್ಟದ ಬೆನ್ನೇ ಚಲಿಸಿದಂತೆ ಕಾಣುವ ಕ್ಯಾರಿಬೂ ಜಿಂಕೆಗಳ ಹಿಂಡುಗಳು, ಮತ್ತು ನಡುರಾತ್ರಿಯಲ್ಲೂ ಪೂರ್ತಿ ಕತ್ತಲಾಗದ ಆಕಾಶ. ವಿಚಿತ್ರವೆಂದರೆ, ಸುತ್ತಲೂ ಬೋಳು ನೆಲವಿದ್ದರೂ ನದಿಯ ಕಣಿವೆಯಲ್ಲಿ ಸ್ಪ್ರೂಸ್ ಮರಗಳು ಬಹುದೂರದವರೆಗೆ ಜೊತೆಗೆ ಬರುತ್ತವೆ.

ರ‍್ಯಾಪಿಡ್‌ಗಳ ದೃಷ್ಟಿಯಿಂದ ಇದು ನಹಾನಿಗಿಂತ ಸೌಮ್ಯ. ಹಾಗಂತ ಸುಲಭ ಎಂದುಕೊಂಡವರಿಗೆ ಬೆವರ್ಲಿ, ಅಬರ್ಡೀನ್, ಶುಲ್ಟ್ಜ್ ಎಂಬ ಮೂರು ಸರೋವರಗಳು ಬುದ್ಧಿ ಕಲಿಸುತ್ತವೆ. ಗಾಳಿಗೆ ಅಡ್ಡ ಬರುವುದು ಇಲ್ಲಿ ನಿಮ್ಮ ಡೇರೆಯೊಂದೇ. ಮೂರು ದಿನ, ನಾಲ್ಕು ದಿನ ಒಂದೇ ಕಡೆ ಕೂರುವುದು ಸಾಮಾನ್ಯ. ಗಾಳಿ ಸಾಮಾನ್ಯವಾಗಿ ರಾತ್ರಿ ತಗ್ಗುತ್ತದೆ, ಬೆಳಕು ಇದ್ದೇ ಇರುತ್ತದೆ, ಹಾಗಾಗಿ ಹಗಲು ಮಲಗಿ ರಾತ್ರಿ ಹುಟ್ಟು ಹಾಕುವ ಪದ್ಧತಿ ಇಲ್ಲಿ ನಡೆಯುತ್ತದೆ. ಬೆವರ್ಲಿಯ ದಡದಲ್ಲಿ ನದಿ ತಂದು ಗುಡ್ಡೆಹಾಕಿದ ಒಣಮರ ಸಿಗುತ್ತದೆ. ಇನ್ಯುಯಿಟ್ ಜನ ದೂರದೂರದಿಂದ ಕಟ್ಟಿಗೆಗಾಗಿ ಬರುತ್ತಿದ್ದ ತಾಣ ಅದು. ಅದರಾಚೆ ಅಡುಗೆಗೆ ಸ್ಟೌವ್ ಮತ್ತು ಇಂಧನವೇ ಗತಿ.

ಈ ನದಿಯ ದಡದಲ್ಲಿ ಮೂರು ಸಮಾಧಿಗಳಿವೆ. ಜಾನ್ ಹಾರ್ನ್‌ಬಿ ಎಂಬ ಇಂಗ್ಲಿಷ್ ಅಲೆಮಾರಿ 1926ರಲ್ಲಿ ಎಡ್ಗರ್ ಕ್ರಿಶ್ಚಿಯನ್ ಎಂಬ ಎಳೆಯ ಸಂಬಂಧಿಯನ್ನೂ ಹೆರಾಲ್ಡ್ ಆಡ್ಲರ್ಡ್ ಎಂಬ ಜೊತೆಗಾರನನ್ನೂ ಕರೆದುಕೊಂಡು ಬಂದು ಚಳಿಗಾಲ ಕಳೆಯಲು ಮರದ ಗುಡಿಸಲು ಕಟ್ಟಿದ. ಕ್ಯಾರಿಬೂ ಹಿಂಡು ಹಾಯ್ದುಹೋಗುತ್ತದೆ, ಬೇಕಾದಷ್ಟು ಮಾಂಸ ಸಿಗುತ್ತದೆ ಎಂಬುದೇ ಅವನ ಯೋಜನೆ. ಹಿಂಡು ತಪ್ಪಿಹೋಯಿತು. 1927ರಲ್ಲಿ ಮೂವರೂ ಹಸಿವಿನಿಂದ ಸತ್ತರು, ಕೊನೆಗೆ ಉಳಿದವನು 18ರ ಎಡ್ಗರ್. ಅವನು ತನ್ನ ದಿನಚರಿಯನ್ನು ಹಾಳಾಗದಿರಲಿ ಎಂದು ತಣ್ಣಗಾದ ಒಲೆಯೊಳಗೆ ಇಟ್ಟಿದ್ದ. ಪೊಲೀಸರಿಗೆ ಅದು ಅಲ್ಲಿಯೇ ಸಿಕ್ಕಿತು. ಮೀನು ಹಿಡಿದು ತಿನ್ನುತ್ತೇವೆ, ಊಟ ಕಡಿಮೆ ಒಯ್ದರೂ ನಡೆಯುತ್ತದೆ ಎನ್ನುವವರಿಗೆ ನಾನು ಈ ಒಲೆಯ ವಿಷಯ ಹೇಳುತ್ತೇನೆ. ಮೀನು ಸಿಕ್ಕರೆ ಅದು ಹಬ್ಬದೂಟ. ಲೆಕ್ಕದಲ್ಲಿ ಅದನ್ನು ಸೇರಿಸಬಾರದು. ಯೂಕಾನ್‌ಗೆ ಎರಡು ದಿನದ ಹೆಚ್ಚುವರಿ ಊಟ ಸಾಕಾದರೆ ಥೆಲಾನ್‌ಗೆ ಐದಾರು ದಿನದ್ದಾದರೂ ಬೇಕು.

ಹೋಗುವುದಕ್ಕೆ ಯೆಲ್ಲೋನೈಫ್‌ನಿಂದ ಬಾಡಿಗೆ ವಿಮಾನ, ಬರುವುದಕ್ಕೆ ಬೇಕರ್ ಲೇಕ್ ಊರಿನಿಂದ ಪ್ರಯಾಣಿಕರ ವಿಮಾನ. ನಡುವೆ ರಸ್ತೆಯೂ ಇಲ್ಲ, ಊರೂ ಇಲ್ಲ. ಉಪಗ್ರಹ ಸಂದೇಶ ಸಾಧನದ ಗುಂಡಿ ಒತ್ತಿದರೂ ಸಹಾಯ ಬರುವುದು ಹವೆ ಬಿಟ್ಟುಕೊಟ್ಟಾಗ. ಇದಕ್ಕಿಂತ ಮೊದಲು ಕನಿಷ್ಠ ಎರಡು ದೀರ್ಘ ಪ್ರಯಾಣ ಮಾಡಿರದವರು ಥೆಲಾನ್‌ಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮ್ಯಾನಿಟೋಬಾದ ಹೇಯ್ಸ್ ನದಿಯನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ನಾರ್ವೆ ಹೌಸ್‌ನಿಂದ ಹಡ್ಸನ್ ಕೊಲ್ಲಿಯ ಯಾರ್ಕ್ ಫ್ಯಾಕ್ಟರಿಯವರೆಗಿನ ಹಳೆಯ ವ್ಯಾಪಾರದ ದಾರಿ. ಕೊನೆಯಲ್ಲಿ ರಸ್ತೆಯೂ ರೈಲೂ ಇಲ್ಲ, ಮೊದಲೇ ಗೊತ್ತುಮಾಡಿದ ವಿಮಾನಕ್ಕೋ ದೋಣಿಗೋ ಕಾಯಬೇಕು, ಕಾಯುವ ಜಾಗದಲ್ಲಿ ಹಿಮಕರಡಿಗಳು ಓಡಾಡುತ್ತವೆ. ನನಗೆ ಇಷ್ಟೇ ಸಾಕಾಯಿತು.

ದೋಣಿ, ತಿಂಗಳು, ಜೊತೆ

ನದಿ ಗೊತ್ತಾದ ಮೇಲೆ ದೋಣಿ ತಾನಾಗಿ ಗೊತ್ತಾಗುತ್ತದೆ. ರಸ್ತೆಯಿಂದ ರಸ್ತೆಗೆ ಹೋಗುವ ನದಿಗೆ 17 ಅಡಿಯ ಗಟ್ಟಿ ಪ್ಲಾಸ್ಟಿಕ್ ದೋಣಿಯನ್ನು ಬಾಡಿಗೆಗೆ ತೆಗೆದುಕೊಳ್ಳಿ. ಭಾರವಾದರೂ ಬಂಡೆಗೆ ಬಡಿದರೆ ಒಡೆಯುವುದಿಲ್ಲ. ಚರ್ಚಿಲ್‌ನಂತೆ ಸರೋವರ ಮತ್ತು ಪೋರ್ಟೇಜ್ ಹೆಚ್ಚಿರುವಲ್ಲಿ ಕೆವ್ಲಾರ್ ನಾರಿನ ದೋಣಿಯ ಹಗುರತನ ಬೆನ್ನಿಗೆ ತಿಳಿಯುತ್ತದೆ, ಆದರೆ ಅದನ್ನು ಕಲ್ಲಿನ ಮೇಲೆ ಎಳೆಯುವಂತಿಲ್ಲ. ಹಳಬರು ಈಗಲೂ ಹಾಡಿಹೊಗಳುವ ರಾಯಲೆಕ್ಸ್ ಎಂಬ ವಸ್ತುವಿನ ತಯಾರಿಕೆ 2014ರ ಹೊತ್ತಿಗೇ ನಿಂತಿದೆ. ಹಳೆಯ ದೋಣಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ. ಥೆಲಾನ್‌ಗೆ ಮಡಚುವ ದೋಣಿಯೇ ಸರಿ: ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟಿಗೆ ದಪ್ಪ ಹೊದಿಕೆ ತೊಡಿಸುವಂಥದ್ದು. ಸಣ್ಣ ವಿಮಾನದಲ್ಲಿ ಹಿಡಿಸುತ್ತದೆ, ಬೇಕರ್ ಲೇಕ್‌ನಿಂದ ಸಾಮಾನಿನ ಚೀಲವಾಗಿ ಜೊತೆಗೇ ವಾಪಸು ಬರುತ್ತದೆ. ಗಟ್ಟಿ ದೋಣಿಯನ್ನು ಅಲ್ಲಿಂದ ಹಿಂದಕ್ಕೆ ತರಿಸುವ ಖರ್ಚು ಕೇಳಿದರೆ ಅದನ್ನು ಅಲ್ಲೇ ಬಿಟ್ಟುಬರುವ ಮನಸ್ಸಾಗುತ್ತದೆ. ಯಾವ ದೋಣಿಯಾದರೂ ದೊಡ್ಡ ಅಲೆಯ ನೀರಿಗೆ ಮೇಲ್ಹೊದಿಕೆ ಬೇಕು, ಒಂದು ಹೆಚ್ಚುವರಿ ಹುಟ್ಟು ಬೇಕೇ ಬೇಕು.

ತಿಂಗಳ ವಿಷಯದಲ್ಲಿ ಜನ ಬೆಳಕನ್ನು ನೋಡಿ ಜೂನ್ ಆರಿಸುತ್ತಾರೆ. ಥೆಲಾನ್‌ನ ಸರೋವರಗಳಲ್ಲಿ ಜೂನ್ ಕೊನೆಯವರೆಗೂ ಮಂಜುಗಡ್ಡೆ ಇರಬಹುದು, ನಹಾನಿಯಲ್ಲಿ ನೀರು ಜೋರು, ಸೊಳ್ಳೆಗಳು ಆಗಷ್ಟೇ ಎದ್ದಿರುತ್ತವೆ. ಜುಲೈ ಸೊಳ್ಳೆಗಳದು ಮತ್ತು ಕಚ್ಚುವ ಕಪ್ಪು ನೊಣಗಳದು; ಬಲೆಯ ಅಂಗಿ ಇಲ್ಲದೆ ಊಟವೂ ನಡೆಯದು. ನನಗೆ ಆಗಸ್ಟ್‌ನ ಎರಡನೇ ಭಾಗ ಇಷ್ಟ. ಇಬ್ಬನಿ ಹೆಪ್ಪುಗಟ್ಟುವ ಮೊದಲ ಚಳಿಗೆ ಕೀಟಗಳು ಅಡಗುತ್ತವೆ, ಟಂಡ್ರಾ ಕೆಂಪಾಗುತ್ತದೆ, ರಾತ್ರಿಗೆ ಮತ್ತೆ ಕತ್ತಲು ಬಂದು ಧ್ರುವಪ್ರಭೆ ಕಾಣಿಸಿಕೊಳ್ಳುತ್ತದೆ. ಬದಲಿಗೆ ಬಿರುಗಾಳಿಗಳನ್ನು ಒಪ್ಪಿಕೊಳ್ಳಬೇಕು. ನೀರು ಯಾವ ತಿಂಗಳಲ್ಲೂ ತಣ್ಣಗೇ. ತಣ್ಣೀರಿಗೆ ಬಿದ್ದವರ ಬಗ್ಗೆ ಒಂದು-ಹತ್ತು-ಒಂದು ಎಂಬ ಲೆಕ್ಕವಿದೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮುಂಚೆ ಒಂದು ಗಂಟೆ. ಮೈಮೇಲೆ ಲೈಫ್ ಜಾಕೆಟ್ ಇದ್ದರೆ ಮಾತ್ರ ಕೊನೆಯ ಅಂಕಿಗೆ ಅರ್ಥ.

ಮಾರ್ಗದರ್ಶಕರ ಜೊತೆ ಹೋಗಬೇಕೇ ಎಂದು ಕೇಳಿದರೆ, ನಹಾನಿಗೆ ಹೌದು ಎನ್ನುತ್ತೇನೆ, ಮೊದಲ ಸಲವಾದರೆ. ದೋಣಿ, ವಿಮಾನ, ಪರವಾನಗಿ, ಊಟ ಎಲ್ಲ ಅವರ ಜವಾಬ್ದಾರಿ. ನೀವು ನೀರು ಓದುವುದನ್ನು ಕಲಿಯಬಹುದು. ಯೂಕಾನ್‌ಗೆ ಅದು ದುಡ್ಡು ದಂಡ. ನಾವೇ ಹೋಗುವುದಾದರೆ ಎರಡು ದೋಣಿ, ನಾಲ್ಕು ಜನ ಇರಲಿ. ಒಂಟಿ ದೋಣಿ ಬಂಡೆಗೆ ಸುತ್ತಿಕೊಂಡರೆ ಎಳೆದು ಬಿಡಿಸುವವರು ಯಾರು? ಆ ನಾಲ್ವರು ನುರಿತವರೇ ಆಗಬೇಕೆಂದಿಲ್ಲ, ಆದರೆ ಮಳೆಯಲ್ಲಿ ಮೂರನೆಯ ದಿನ ಡೇರೆಯೊಳಗೆ ಕುಳಿತು ಮಾತಿಲ್ಲದೆ ಇರಬಲ್ಲವರಾಗಿರಬೇಕು. ಕರಡಿಗೆ ಬೇಕಾದ ಸ್ಪ್ರೇಯನ್ನೂ ಸ್ಟೌವ್‌ನ ಅನಿಲವನ್ನೂ ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಹೊರಡುವ ಊರಿನಲ್ಲೇ ಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಒಂದು ಹಾಳೆ ಬರೆದು ಮನೆಯಲ್ಲಿ ನಂಬುಗೆಯವರಿಗೆ ಕೊಡಿ. ನದಿಯ ಹೆಸರು, ದೋಣಿಗಳ ಬಣ್ಣ, ಇಳಿಯುವ ಜಾಗ, ಹತ್ತುವ ಜಾಗ, ಮುಗಿಸಬೇಕಾದ ದಿನ. ಅದರ ಕೆಳಗೆ ಇನ್ನೊಂದು ದಿನಾಂಕ: ಅಲ್ಲಿಯವರೆಗೂ ಸುದ್ದಿ ಬಾರದಿದ್ದರೆ ಪೊಲೀಸರಿಗೆ ಫೋನ್ ಮಾಡಬೇಕಾದ ದಿನ. ಯೂಕಾನ್‌ಗೆ ಈ ಎರಡು ದಿನಾಂಕಗಳ ನಡುವೆ ನಾನು ಎರಡು ದಿನ ಬಿಡುತ್ತೇನೆ, ಥೆಲಾನ್‌ಗೆ ಐದು. ಚೀಲದಲ್ಲಿರುವ ಹೆಚ್ಚುವರಿ ಊಟವೂ ಅಷ್ಟು ದಿನಕ್ಕೆ ಆಗುತ್ತದೆಯೇ ಎಂದು ಆಗಲೇ ಎಣಿಸಿ ನೋಡಿ.